ಗುಲಾಬಿ ಜೆಟ್

೧೧ ಜನವರಿ

ಪ್ರೀತಿಯ ಸೊನ್ನೆ,

ನೀನು ಹೊರಟ ಮೇಲೆ ಮೂರು ದಿನ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ನಾಲ್ಕನೆಯ ದಿನ ನನ್ನ ಮೇಲೆ ನನಗೇ ಬೇಸರ ಬಂದು, ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಹಳೆಯ ಹೊದಿಕೆ ತೆಗೆದೆ. ನಿಮ್ಮಮ್ಮ ಹೋದ ಮೇಲೆ ಎಂಟು ತಿಂಗಳಿಂದ ಮುಚ್ಚಿಟ್ಟಿದ್ದ ಮೇಜು. ಧೂಳು ಒರೆಸಿದೆ, ದೀಪದ ಬಲ್ಬು ಬದಲಾಯಿಸಿದೆ, ಹತ್ತನೆಯ ಮಾಡೆಲ್ ವಿಮಾನದ ಪೆಟ್ಟಿಗೆ ಬಿಚ್ಚಿದೆ.

ಕಪಾಟಿನಲ್ಲಿ ಒಂಬತ್ತು ನಿಂತಿರುವುದು ನಿನಗೆ ಗೊತ್ತು. ಎಲ್ಲವೂ ಜೆಟ್ ಎಂಜಿನ್ನು ಬಂದ ಹೊಸದರಲ್ಲಿ ವೇಗದ ದಾಖಲೆ ಮುರಿದವು. ಒಂದೊಂದೂ ಅಸಲಿಯ ನಲವತ್ತೆಂಟನೆಯ ಒಂದು ಪಾಲು. ಈ ಹತ್ತನೆಯದು ನೇರ ರೆಕ್ಕೆಯದು, ತಿಳಿಹಸಿರು ಬಣ್ಣದ್ದು. ದಾಖಲೆಯ ಕಥೆಯನ್ನು ನಿಮ್ಮಮ್ಮನಿಗೆ ಪ್ರತಿಸಲವೂ ಹೇಳುತ್ತಿದ್ದೆ. ಮೂರು ಕಿಲೋಮೀಟರಿನ ಅಳತೆ, ನೆಲಕ್ಕೆ ತೀರ ಹತ್ತಿರ ಹಾರಬೇಕು, ಗಾಳಿಯ ಲಾಭ ಸಿಗದಿರಲಿ ಎಂದು ಎರಡು ಸಲ ಆ ಕಡೆಯಿಂದ, ಎರಡು ಸಲ ಈ ಕಡೆಯಿಂದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಅದೆಲ್ಲ ಇರ್ಲಿ, ಹಾರಿಸಿದವನು ಮನೆಗೆ ಬಂದ್ನಾ?" ಬಂದ ಅಂದರೆ ಸಾಕು, ಮತ್ತೆ ಯಂತ್ರ ತುಳಿಯಲು ಶುರು.

ಇವಕ್ಕೆಲ್ಲ ಮೂಗಿನ ಕೆಳಗೊಂದು ಚಕ್ರ. ಮೂಗಿನೊಳಗೆ ಭಾರ ತುಂಬದೆ ಅಂಟಿಸಿಬಿಟ್ಟರೆ ವಿಮಾನ ಬಾಲ ಊರಿ ಕುಕ್ಕರಗಾಲಲ್ಲಿ ಕೂತುಬಿಡುತ್ತದೆ. ಬೇರೆಯವರು ಅದಕ್ಕೆ ಸೀಸದ ಗುಂಡು ಕೊಳ್ಳುತ್ತಾರೆ. ನಲವತ್ತು ವರ್ಷ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸಿದವನಿಗೆ ಸೀಸಕ್ಕೆ ಬರವೇ? ಸವೆದ ಒತ್ತಕ್ಷರದ ಮೊಳೆ ಆರು ತುಂಬಿದೆ. ನಾಳೆ ಹೊಟ್ಟೆ ಮುಚ್ಚುತ್ತೇನೆ.

ಹಳೆಯ ಬಣ್ಣದ ಡಬ್ಬಿಗಳೆಲ್ಲ ಒಣಗಿ ಹೆಪ್ಪುಗಟ್ಟಿವೆ. ನಿಮ್ಮಮ್ಮನ ಹೊಲಿಗೆ ಅಂಗಡಿಯ ಪಕ್ಕದ ಬಣ್ಣದಂಗಡಿ ಮುಚ್ಚಿದೆಯಂತೆ. ಬಸ್ ನಿಲ್ದಾಣದ ಹತ್ತಿರ ಹೊಸದೊಂದು ತೆರೆದಿದ್ದಾರೆ, ಅಲ್ಲಿಗೆ ಹೋಗಬೇಕು. ಬಣ್ಣ ಕೊಳ್ಳುವ ಕೆಲಸ ಯಾವತ್ತೂ ಅವಳದೇ ಆಗಿತ್ತು, ನನಗೆ ರೂಢಿಯಿಲ್ಲ.

ಫೋನ್ ಮಾಡಬೇಡ. ಯಂತ್ರಗಳ ಪಕ್ಕ ಕೂತು ಕೂತು ಹೋದ ಕಿವಿ ಇದು, ಫೋನಿನಲ್ಲಿ ಬರೀ ಗೊರಗೊರ ಕೇಳುತ್ತದೆ. ಕಾಗದ ಬರಿ.

ಮೇಜಿಗೆ ಮರಳಿದ
ಅಪ್ಪ


20 ಜನವರಿ

ಅಪ್ಪಾ,

ಮೇಜಿನ ಹೊದಿಕೆ ತೆಗೆದೆ ಅಂತ ಓದಿದಾಗ ಎಷ್ಟು ಹಗುರವಾಯಿತು ಗೊತ್ತಾ? ನಿನ್ನನ್ನು ಒಬ್ಬನೇ ಬಿಟ್ಟು ಬಂದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದಿದ್ದೆ.

ಇಲ್ಲಿ ಬೆಟ್ಟವನ್ನು ಎರಡು ಕಡೆಯಿಂದ ಕೊರೆಯುತ್ತಿದ್ದೇವೆ. ಎರಡು ಸುರಂಗವೂ ನಡುವೆ ಮೂಗಿಗೆ ಮೂಗು ಸೇರಬೇಕು. ಅಳತೆ ನನ್ನದು, ಹಾಗಾಗಿ ಅವು ಸೇರದೆ ಅಕ್ಕಪಕ್ಕ ಹಾದು ಹೋದರೆ ಇಡೀ ಶಿಬಿರ ನನ್ನ ಮುಖ ನೋಡುತ್ತದೆ. ಮಾರ್ಚ್ ಕೊನೆಯವರೆಗೂ ಯಾರಿಗೂ ರಜೆ ಇಲ್ಲ. ಮೇಲಿನ ರಸ್ತೆ ಕುಸಿದಿದೆ, ಟಪಾಲು ವಾರಕ್ಕೆರಡು ಸಲ ಬರುತ್ತದೆ.

ಒಂದು ಕೋರಿಕೆ. ಲಕೋಟೆಯ ಮೇಲೆ 'ಸೊನ್ನೆಗೆ' ಅಂತ ಬರೆಯಬೇಡ. ಹುಟ್ಟಿದಾಗ ದುಂಡಗಿದ್ದೆ, ನೀನು ಮೊಳೆ ಜೋಡಿಸುವವನು, ಆ ಹೆಸರಿಟ್ಟೆ, ಸರಿ. ಈಗ ನನಗೆ ಮೂವತ್ತನಾಲ್ಕು. ಟಪಾಲು ಹಂಚುವವನು ಊಟದ ಕೋಣೆಯಲ್ಲಿ ಎಲ್ಲರೆದುರು "ಮೇಡಂ, ಸೊನ್ನೆ ಅಂದ್ರೆ ನೀವೇನಾ?" ಅಂದ. ಈಗ ಅಳತೆ ತಪ್ಪಿದಾಗಲೆಲ್ಲ ಹುಡುಗರು ಒಂದು ಸೊನ್ನೆ ಹೆಚ್ಚಾಯಿತು ಅನ್ನುತ್ತಾರೆ.

ಹೊತ್ತು ಹೊತ್ತಿಗೆ ಊಟ ಮಾಡು. ವಿಮಾನ ಮುಗಿದ ಕೂಡಲೇ ತಿಳಿಸು.

ನಿನ್ನ
ಸೊನ್ನೆ (ಒಳಗೆ ಮಾತ್ರ)


೬ ಫೆಬ್ರವರಿ

ಪ್ರೀತಿಯ ಮೇಡಂ ಸೊನ್ನೆ,

ಮುಗಿಯಿತು. ಮಾಡಿದ ಹತ್ತರಲ್ಲಿ ಇದಕ್ಕಿಂತ ನಯವಾದದ್ದು ಇಲ್ಲ ಅಂತ ನಾನೇ ಹೇಳಿಕೊಂಡರೆ ಜಂಬ ಅನ್ನಬೇಡ.

ಸಾಮಾನ್ಯವಾಗಿ ಮಾಡೆಲ್ ಮಾಡುವವರು ತಗಡಿನ ಜೋಡಣೆಯ ಗೆರೆಗಳನ್ನು ಕೊರೆದು ಕೊರೆದು ಎದ್ದು ಕಾಣಿಸುತ್ತಾರೆ. ದಾಖಲೆಯ ವಿಮಾನಕ್ಕೆ ಅದು ತಪ್ಪು. ಗಾಳಿ ಎಲ್ಲೂ ತಡವರಿಸಬಾರದೆಂದು ಅಸಲಿ ವಿಮಾನದ ಸಂದುಗಳಿಗೆಲ್ಲ ಪುಟ್ಟಿ ತುಂಬಿ, ಉಜ್ಜಿ, ಕನ್ನಡಿ ಮಾಡಿದ್ದರು. ನಾನೂ ಗೆರೆಗಳನ್ನೆಲ್ಲ ಮುಚ್ಚಿ ಒಂಬತ್ತು ಸಂಜೆ ನೀರು ಹಾಕಿ ಸ್ಯಾಂಡ್‌ಪೇಪರಿನಿಂದ ತಿಕ್ಕಿದೆ. ಆಮೇಲೆ ನಾಲ್ಕು ಕೈ ಬಣ್ಣ. ಹೊಸ ಅಂಗಡಿಯಲ್ಲಿ ಡಬ್ಬಿಯ ಮೇಲೆ ಬರೀ ನಂಬರು, ಹೆಸರು ಇಲ್ಲ. ಅಂಗಡಿಯ ಹುಡುಗಿ "ಯಾವ್ದು ಬೇಕು ಸರ್?" ಅಂದಳು. ನನ್ನ ಕಣ್ಣು ನನಗಿಲ್ಲವೇ? ಮುಚ್ಚಳ ತೆಗೆಸಿ, ಬೆಳಕಿಗೆ ಹಿಡಿದು, ಸರಿಯಾದ ತಿಳಿಹಸಿರನ್ನು ನಾನೇ ಆರಿಸಿದೆ.

ತರಕಾರಿಯ ಹೆಂಗಸು ಮಾತ್ರ ನನ್ನ ಮರ್ಯಾದೆ ಕಳೆದಳು. ಟೊಮ್ಯಾಟೊ ಆರಿಸುತ್ತಿದ್ದೆ. "ಯಜಮಾನ್ರೇ, ಬರೀ ಕಾಯಿ ತುಂಬ್ಕೊಳ್ತಾ ಇದ್ದೀರಲ್ಲ" ಅಂದಳು. ಹುಳಿ ಇರಲಿ ಅಂತ, ಎಂದು ಹೇಳಿ ಮುಖ ಉಳಿಸಿಕೊಂಡೆ. ಆಮೇಲೆ ಎರಡು ದಿನ ಹುಳಿಯನ್ನೇ ತಿಂದೆ.

ಬರುವ ಭಾನುವಾರ ನಮ್ಮ ಮಾಡೆಲ್ ಸಂಘದ ಪ್ರದರ್ಶನ. ಸಂಘದ ಕಾರ್ಯದರ್ಶಿ ಗೊತ್ತಲ್ಲ, ಗಡಿಯಾರ ರಿಪೇರಿಯವನು, ನನಗೆ ನಡುವಿನ ಮೇಜು ಕೊಟ್ಟಿದ್ದಾನೆ. ಶರ್ಟು ಇಸ್ತ್ರಿ ಮಾಡಿಟ್ಟಿದ್ದೇನೆ.

ಸಡಗರದಲ್ಲಿರುವ
ಅಪ್ಪ


೧೯ ಫೆಬ್ರವರಿ

ಸೊನ್ನೆ,

ಪ್ರದರ್ಶನ ಆಯಿತು. ಬಹಳ ಜನ ಬಂದಿದ್ದರು. ನಾನು ಮಧ್ಯಾಹ್ನವೇ ಮಾಡೆಲ್ ಎತ್ತಿಕೊಂಡು ಮನೆಗೆ ಬಂದೆ, ಸ್ವಲ್ಪ ಆಯಾಸವಾಗಿತ್ತು. ಇಲ್ಲಿ ಬಿಸಿಲು ಹೆಚ್ಚು. ನಿನ್ನ ಸುರಂಗ ಎಲ್ಲಿಗೆ ಬಂತು?

ಅಪ್ಪ


27 ಫೆಬ್ರವರಿ

ಅಪ್ಪಾ,

ನಿನ್ನ ಕಾಗದ ಆರು ಸಾಲಿಗೆ ಮುಗಿದಿದೆ. ಪುಟ ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದೆ. ಬಿಸಿಲಿನ ವಿಷಯ ಬರೆಯುವವನಲ್ಲ ನೀನು.

ಪ್ರದರ್ಶನದಲ್ಲಿ ಏನಾಯಿತು? ಯಾರಾದರೂ ಏನಾದರೂ ಅಂದರಾ? ಬಿದ್ದೆಯಾ? ಎದೆ ನೋವಾ? ನನಗೆ ಹೇಳದೆ ಇನ್ಯಾರಿಗೆ ಹೇಳುತ್ತೀಯ? ಅಮ್ಮ ಇದ್ದಿದ್ದರೆ ಅವಳನ್ನು ಕೇಳುತ್ತಿದ್ದೆ. ಈಗ ನೀನೇ ಬಾಯಿ ಬಿಡಬೇಕು.

ಇಲ್ಲಿಂದ ಓಡಿ ಬರಲು ರಸ್ತೆಯೂ ಇಲ್ಲ. ದಯವಿಟ್ಟು ಎಲ್ಲ ಬರಿ.

ಗಾಬರಿಯಲ್ಲಿರುವ
ಸೊನ್ನೆ


೫ ಮಾರ್ಚ್

ಪ್ರೀತಿಯ ಸೊನ್ನೆ,

ಬೀಳಲಿಲ್ಲ, ಎದೆ ಗಟ್ಟಿಯಿದೆ. ಬಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ನಡುವಿನ ಮೇಜಿನ ಮೇಲೆ ವಿಮಾನ ಇಟ್ಟೆ. ಬಂದವರು ಬಗ್ಗಿ ನೋಡಿದರು, ನಯವಾಗಿದೆ ಅಂದರು, ಅಷ್ಟಕ್ಕೆ ನಿಂತರು. ಕೆಲವರು ಬಾಯಿಗೆ ಕೈ ಅಡ್ಡ ಹಿಡಿದರು. ಕೊನೆಗೆ ಗಡಿಯಾರದವನು ನನ್ನನ್ನು ಪಕ್ಕಕ್ಕೆ ಕರೆದ.

"ಏನಯ್ಯಾ, ತಮಾಷೆಗೆ ಮಾಡಿದ್ದಾ?"

"ಏನು ತಮಾಷೆ?"

"ದಾಖಲೆ ಮುರಿದ ಜೆಟ್ಟಿಗೆ ಯಾರಾದ್ರೂ ಗುಲಾಬಿ ಬಳೀತಾರೇನಯ್ಯಾ?"

ನಾನು ತಿರುಗಿ ನೋಡಿದೆ. ಸೊನ್ನೆ, ಅಲ್ಲಿ ನಿಂತಿದ್ದದ್ದು ತಿಳಿಹಸಿರು ವಿಮಾನವೇ. ಇವನೇ ನನ್ನನ್ನು ಆಡಿಸುತ್ತಿದ್ದಾನೆ ಎಂದು ಪಕ್ಕದವರನ್ನು ಕೇಳಿದೆ. ಅವರು ನೆಲ ನೋಡಿದರು. ಮನೆಗೆ ಬಂದು ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದೆ. ಹುಡುಗಿ ನಂಬರು ನೋಡಿ "ಗುಲಾಬಿನೇ ಸರ್, ಬೊಂಬೆ ಕೆನ್ನೆಗೆ ಹಚ್ತಾರಲ್ಲ, ಅದು" ಅಂದಳು.

ನಲವತ್ತು ವರ್ಷದಲ್ಲಿ ಒಂಬತ್ತು ವಿಮಾನಕ್ಕೆ ಬಣ್ಣ ಹಚ್ಚಿದವನು ನಾನು. ಒಂದರಲ್ಲೂ ತಪ್ಪಿರಲಿಲ್ಲ. ಈಗ ಹೀಗೆ. ಟೊಮ್ಯಾಟೊ ಕಥೆ ನಿನಗೆ ನಗುತ್ತಾ ಬರೆದಿದ್ದೆ. ಹೋದ ತಿಂಗಳು ಬ್ಯಾಂಕಿನಲ್ಲಿ ಹಸಿರು ಚೀಟಿ ತುಂಬಿ ಅಂದರೆ ಕೆಂಪನ್ನು ತುಂಬಿ ಕೊಟ್ಟೆ. ಅದನ್ನು ಬರೆಯಲಿಲ್ಲ. ಗುಮಾಸ್ತ ಬಹಳ ಮೃದುವಾಗಿ, ಮಕ್ಕಳ ಹತ್ತಿರ ಮಾತಾಡುವ ಹಾಗೆ, "ಮನೇಲಿ ಬೇರೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದ.

ನಿನ್ನ ದೊಡ್ಡಪ್ಪನಿಗೂ ಶುರುವಾದದ್ದು ಹೀಗೆಯೇ. ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಹಸಿರು ಕಾಲುಚೀಲ. ನನಗೇನೂ ಕಂಡಿರಲಿಲ್ಲ, ಅತ್ತಿಗೆ ತೋರಿಸಿದರು, ಎಲ್ಲರೂ ನಕ್ಕೆವು. ಎರಡು ವರ್ಷಕ್ಕೆ ಅವನು ನನ್ನನ್ನು "ನೀವ್ಯಾರು?" ಎಂದು ಕೇಳಿದ. ಕೊನೆಯಲ್ಲಿ ಹಿರಿಯರ ಮನೆಗೆ ಸೇರಿಸಿದೆವು. ಕಾರಿನಿಂದ ಇಳಿಯಲೊಲ್ಲದೆ ನನ್ನ ತೋಳು ಹಿಡಿದುಕೊಂಡಿದ್ದ. ಬೆರಳು ಒಂದೊಂದಾಗಿ ಬಿಡಿಸಿದವನು ನಾನೇ. ಆ ಕೆಲಸ ನೀನು ಮಾಡುವ ಹಾಗೆ ಆಗಬಾರದು.

ಅದಕ್ಕೇ ಬುದ್ಧಿ ನೆಟ್ಟಗಿರುವಾಗಲೇ ತೀರ್ಮಾನ ಮಾಡಿದ್ದೇನೆ. ಅದೇ ಹಿರಿಯರ ಮನೆಯಲ್ಲಿ ತೋಟದ ಕಡೆಯ ಒಂದು ಕೋಣೆ ಖಾಲಿಯಿದೆ. ಅರ್ಜಿ ತಂದಿದ್ದೇನೆ, ಈ ತಿಂಗಳ ಕೊನೆಯೊಳಗೆ ಸಹಿ ಹಾಕಿ ಕೊಡಬೇಕು. ಕಪಾಟು, ಮೇಜು, ಸಾಮಾನು ಸಂಘಕ್ಕೆ. ಮನೆ ನಿನಗೆ.

ನೀನು ನಿನ್ನ ಸುರಂಗ ನೋಡಿಕೋ. ನಾನು ಯೋಚಿಸಿ ಮಾಡಿದ್ದೇನೆ, ಅಳಬೇಡ.

ಅಪ್ಪ


10 ಮಾರ್ಚ್

ಅಪ್ಪಾ,

ಸಹಿ ಹಾಕಬೇಡ. ಹಾಕಿದ್ದರೆ ಹೋಗಿ ವಾಪಸ್ಸು ತಾ. ಮೊದಲು ಈ ಕಾಗದ ಪೂರ್ತಿ ಓದು.

ನಿನ್ನ ಕಾಗದ ಓದಿ ಮೊದಲು ಅತ್ತೆ. ಎರಡನೆಯ ಸಲ ಓದಿದಾಗ ಒಂದು ಸಾಲಿನಲ್ಲಿ ಕಣ್ಣು ಸಿಕ್ಕಿಕೊಂಡಿತು. ದೊಡ್ಡಪ್ಪನ ಕಾಲುಚೀಲ ನಿನಗೆ ಕಂಡಿರಲಿಲ್ಲ, ದೊಡ್ಡಮ್ಮ ತೋರಿಸಿದರು ಅಂತ ನೀನೇ ಬರೆದಿದ್ದೀಯ. ಆಗ ನಿನಗೆ ಐವತ್ತೂ ಆಗಿರಲಿಲ್ಲ. ಆಗ ನಿನ್ನ ಬುದ್ಧಿಗೇನಾಗಿತ್ತು?

ಹೋದ ತಿಂಗಳು ಇಲ್ಲಿನ ಡಾಕ್ಟರು ಸುರಂಗದ ರೈಲು ಓಡಿಸುವವರ ಕಣ್ಣು ಪರೀಕ್ಷೆ ಮಾಡಿದರು, ಒಳಗೆ ಕೆಂಪು ಹಸಿರು ದೀಪ ನೋಡಿ ಓಡಿಸಬೇಕಲ್ಲ. ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ನಡುವೆ ಯಾವ ಅಂಕಿ ಇದೆ ಅಂತ ಕೇಳುತ್ತಾರೆ. ನಮ್ಮ ಒಬ್ಬ ಡ್ರೈವರನಿಗೆ ಒಂದೂ ಕಾಣಲಿಲ್ಲ. ಐವತ್ತೆರಡು ವರ್ಷದವನು, ಬುದ್ಧಿ ಕತ್ತಿಯ ಹಾಗಿದೆ. ಹುಟ್ಟಿನಿಂದಲೇ ಅವನಿಗೆ ಕೆಂಪು ಹಸಿರು ಬೇರೆಯಾಗಿ ಕಾಣುತ್ತಿರಲಿಲ್ಲ, ಅವನಿಗೇ ಗೊತ್ತಿರಲಿಲ್ಲ. ಇಷ್ಟು ದಿನ ಮೇಲಿನ ದೀಪ, ಕೆಳಗಿನ ದೀಪ ಅಂತ ನೋಡಿ ಓಡಿಸುತ್ತಿದ್ದನಂತೆ. ಈಗ ಅವನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಇವತ್ತು ನಿನ್ನ ವಿಷಯ ಹೇಳಿದ ಕೂಡಲೇ ಡಾಕ್ಟರು, "ನಿಮ್ಮ ತಂದೆಯವರ ಕೆಲಸ ಏನಿತ್ತು?" ಅಂದರು. ಅಚ್ಚಿನ ಮೊಳೆ ಜೋಡಿಸೋದು ಅಂದೆ. "ಹಾಗಾದ್ರೆ ಕಪ್ಪು ಶಾಯಿ, ಬಿಳಿ ಕಾಗದ. ಗೊತ್ತಾಗೋ ಸಂದರ್ಭಾನೇ ಬಂದಿಲ್ಲ" ಅಂದರು.

ಬಂದಿತ್ತು ಅಪ್ಪಾ, ಆದರೆ ಅಮ್ಮ ನಡುವೆ ನಿಂತಿದ್ದಳು. ಇದು ನನಗೆ ಇವತ್ತು ಹೊಳೆಯುತ್ತಿದೆ.

ಶಾಲೆಯ ರಜೆಯಲ್ಲಿ ನಾನು ಅಮ್ಮನ ಅಂಗಡಿಯಲ್ಲಿ ಕೂರುತ್ತಿದ್ದೆ. ಪಕ್ಕದಂಗಡಿಯಿಂದ ನಿನ್ನ ಬಣ್ಣದ ಡಬ್ಬಿ ತಂದು, ಅಂಗಡಿಯವರ ಚೀಟಿ ಕೆರೆದು ಹಾಕಿ, ಮುಚ್ಚಳದ ಮೇಲೆ ತಾನೇ ದಪ್ಪಕ್ಕೆ ಬರೆಯುತ್ತಿದ್ದಳು. ಆಗಲೇ ಬರೆದಿದೆಯಲ್ಲಮ್ಮ ಅಂದರೆ, "ಅವರ ಬರವಣಿಗೆ ನಿಮ್ಮಪ್ಪಂಗೆ ಆಗಿಬರಲ್ಲ. ನೀನು ಹೇಳೋಕೆ ಹೋಗ್ಬೇಡ" ಅನ್ನುತ್ತಿದ್ದಳು. ನೀನು ಬ್ರಷ್ಷು ಅದ್ದುವಾಗ ಯಂತ್ರದ ಮುಂದಿನಿಂದಲೇ "ಅದಲ್ಲ, ಪಕ್ಕದ್ದು" ಅನ್ನುತ್ತಿದ್ದಳಲ್ಲ? ಸುಮ್ಮನೆ ಯಜಮಾನಿಕೆ ಮಾಡ್ತಾಳೆ ಅಂತ ನೀನು ಗೊಣಗುತ್ತಿದ್ದೆ. ಅವಳು ಊರಲ್ಲಿಲ್ಲದಾಗ ಒಮ್ಮೆ ಕೆಂಪು ತಂಡದಲ್ಲಿದ್ದ ನನಗೆ ನೀನು ಹಸಿರು ರಿಬ್ಬನ್ ಕಟ್ಟಿ ಆಟದ ಮೈದಾನಕ್ಕೆ ಕಳಿಸಿದ್ದು ನೆನಪಿದೆಯಾ? ಎರಡೂ ತಂಡದವರು ನನಗೇ ಚೆಂಡು ಎಸೆದರು.

ಹಳೆಯ ಡಬ್ಬಿಗಳನ್ನು ತೆಗೆದು ಮುಚ್ಚಳ ನೋಡು. ಯಾರ ಅಕ್ಷರ ಅಂತ ಬರಿ. ಆಮೇಲೆ ಕಣ್ಣಾಸ್ಪತ್ರೆಗೆ ಹೋಗು. ನೆನಪಿನ ಪರೀಕ್ಷೆಯನ್ನೂ ಮಾಡಿಸು, ಹೆದರಿಕೆ ಒಂದೇ ಸಲಕ್ಕೆ ಕಳೆಯಲಿ. ನಾನು ಹೇಳುತ್ತಿರುವುದು ತಪ್ಪಾಗಿದ್ದರೆ ಆಮೇಲೆ ನಾವಿಬ್ಬರೂ ಕೂತು ಮಾತಾಡೋಣ. ನಿನ್ನ ಬೆರಳು ಬಿಡಿಸುವ ಕೆಲಸ ನಾನಂತೂ ಮಾಡುವುದಿಲ್ಲ, ಅದನ್ನು ತಲೆಯಿಂದ ತೆಗೆ.

ನಿನ್ನ
ಸೊನ್ನೆ


೧೯ ಮಾರ್ಚ್

ಪ್ರೀತಿಯ ಸೊನ್ನೆ,

ಬಾಗಿಲು, ನಾಣ್ಯ, ಕಿತ್ತಳೆ.

ಏನಿದು ಅಂತೀಯಾ? ಆಸ್ಪತ್ರೆಯಲ್ಲಿ ನೆನಪಿನ ಡಾಕ್ಟರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದ ಮೂರು ಪದ. ಆಗಲೂ ಹೇಳಿದೆ. ಎರಡು ದಿನ ಕಳೆದಿದೆ, ಈಗಲೂ ಹೇಳುತ್ತಿದ್ದೇನೆ. ಇನ್ನು ಸಾಯುವವರೆಗೂ ಮರೆಯುವುದಿಲ್ಲ ಅನಿಸುತ್ತದೆ.

ನಡೆದದ್ದನ್ನು ಸಾಲಾಗಿ ಹೇಳುತ್ತೇನೆ. ಮೊದಲು ಕಣ್ಣಿನ ಡಾಕ್ಟರಮ್ಮ. ನೀನು ಬರೆದಂಥದ್ದೇ ಪುಸ್ತಕ ಮುಂದಿಟ್ಟರು. ಮೊದಲ ಪುಟದ ಅಂಕಿ ಓದಿದೆ, ಪರವಾಗಿಲ್ಲ ಅಂದುಕೊಂಡೆ. ಅದು ಎಲ್ಲರಿಗೂ ಕಾಣುವ ಪುಟವಂತೆ. ಆಮೇಲಿನವು ಬರೀ ಚೆಲ್ಲಿದ ಕಾಳು. ಡಾಕ್ಟರಮ್ಮ ಪುಟ ತಿರುಗಿಸುತ್ತಾ ಹೋದರು, ನಾನು ಇಲ್ಲ, ಇಲ್ಲ, ಇಲ್ಲ ಅನ್ನುತ್ತಾ ಹೋದೆ. ಪಾಸಾಗದೆ ಇಷ್ಟು ಸಂತೋಷಪಟ್ಟ ರೋಗಿಯನ್ನು ಅವರು ನೋಡಿರಲಿಲ್ಲವಂತೆ. "ಯಜಮಾನ್ರೇ, ಇದು ಹುಟ್ಟಿನಿಂದ ಬಂದದ್ದು. ತಾಯಿ ಕಡೆಯಿಂದ ಬರುತ್ತೆ, ಅಣ್ಣತಮ್ಮ ಇಬ್ಬರಿಗೂ ಇರಬಹುದು. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ" ಅಂದರು. ನಿನ್ನ ದೊಡ್ಡಪ್ಪನಿಗೆ ಕೊನೆಗೆ ಬಂದದ್ದು ಬೇರೆ ಕಾಯಿಲೆ, ಆ ಕಾಲುಚೀಲ ಬೇರೆ ಕಥೆ. ಪಾಪ, ನಾವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೆವು.

ಆಮೇಲೆ ಮಹಡಿಯ ಮೇಲಿನ ನೆನಪಿನ ಡಾಕ್ಟರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರು, ಬಂದೆ. ಗಡಿಯಾರದ ಚಿತ್ರ ಬರೆಯಿರಿ ಅಂದರು, ಜೊತೆಗೆ ಬಂದಿದ್ದ ಗಡಿಯಾರದವನು ಹೊರಗೆ ಬೆಂಚಿನ ಮೇಲೆ ಕೂತಿದ್ದ, ಅವನ ಮಾನ ಉಳಿಸುವಂತೆ ಬರೆದೆ. ಒಂದು ಪದವನ್ನು ಹಿಂದುಮುಂದಾಗಿ ಹೇಳಿ ಅಂದರು. ಡಾಕ್ಟರೇ, ನಲವತ್ತು ವರ್ಷ ಉಲ್ಟಾ ಓದಿಯೇ ಹೊಟ್ಟೆ ಹೊರೆದವನು ನಾನು, ಇದಕ್ಕೆ ಅಂಕ ಕೊಡಬೇಡಿ, ಮೋಸವಾಗುತ್ತೆ ಅಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ಎಲ್ಲ ನೆಟ್ಟಗಿದೆ ಅಂತ ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಗಡಿಯಾರದವನು ಬಸ್ಸಿನಲ್ಲಿ ಎರಡು ಸಲ ಗಟ್ಟಿಯಾಗಿ ಓದಿದ. ನನ್ನ ಕಿವಿಗೆ ಕೇಳಲಿ ಅಂತ ಓದಿದ್ದು, ಇಡೀ ಬಸ್ಸಿಗೆ ಕೇಳಿತು.

ಮನೆಗೆ ಬಂದು ಹಳೆಯ ಡಬ್ಬಿಗಳನ್ನು ಚಾಪೆಯ ಮೇಲೆ ಸುರಿದೆ. ಅರವತ್ತೊಂದು. ಒಂದೊಂದು ಮುಚ್ಚಳದ ಮೇಲೂ ಅವಳ ದಪ್ಪ ಅಕ್ಷರ. 'ತಿಳಿನೀಲಿ, ರೆಕ್ಕೆಗೆ.' 'ಕೆಂಪು, ಇದೊಂದೇ ಕೆಂಪು.' 'ಇದು ಹಸಿರು, ಕಂದು ಅಲ್ಲ.' ಇವನ್ನು ನಾನು ದಿನಾ ನೋಡುತ್ತಿದ್ದೆ. ಅಂಗಡಿ ನಡೆಸುವ ಹೆಂಗಸು, ಎಲ್ಲಕ್ಕೂ ಚೀಟಿ ಅಂಟಿಸುವ ಚಟ ಅಂದುಕೊಂಡಿದ್ದೆ. ಇದೊಂದೇ ಕೆಂಪು ಅಂತ ಯಾರಾದರೂ ಚಟಕ್ಕೆ ಬರೆಯುತ್ತಾರೆಯೇ? ಅಕ್ಷರ ಜೋಡಿಸುವುದೇ ಕಸುಬಾಗಿದ್ದವನು ಮನೆಯೊಳಗಿನ ಬರಹ ಓದಲಿಲ್ಲ.

ಕೋಪವೂ ಬಂತು, ಸುಳ್ಳು ಹೇಳುವುದಿಲ್ಲ. ನಲವತ್ತು ವರ್ಷ ಬಾಯಿ ಬಿಡಲಿಲ್ಲವಲ್ಲ, ನನ್ನನ್ನು ಮಗುವಿನ ಹಾಗೆ ಆಡಿಸಿದಳಲ್ಲ ಅಂತ. ಆ ಸಿಟ್ಟಿನಲ್ಲೇ ಅವಳ ಹೊಲಿಗೆ ಯಂತ್ರದ ಡ್ರಾಯರು ತೆಗೆದೆ. ಅವಳು ಹೋದ ಮೇಲೆ ಮೊದಲ ಸಲ. ಬಾಬಿನುಗಳ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಕಾಗದ ಇತ್ತು.

ಮದುವೆಯಾದ ವರ್ಷ ನಾನು ವಿಮಾನ ನಿಲ್ದಾಣದ ರಿಪೇರಿ ಶೆಡ್ಡಿಗೆ ಅರ್ಜಿ ಹಾಕಿದ್ದು ನಿನಗೆ ಗೊತ್ತು. ನೂರು ಸಲ ಹೇಳಿದ್ದೇನೆ. ಡಾಕ್ಟರ ಪರೀಕ್ಷೆಯಲ್ಲಿ ಬೀಳಿಸಿದರು, ದೃಷ್ಟಿದೋಷ ಅಂದರಂತೆ, ಇರುವೆ ಗಾತ್ರದ ಮೊಳೆಯನ್ನು ತಲೆಕೆಳಗಾಗಿ ಓದುವವನಿಗೆ ದೃಷ್ಟಿದೋಷವೇ, ಯಾರೋ ಶಿಫಾರಸಿನವನು ಹೊಡೆದುಕೊಂಡ ಅಂತ. ಆ ಕಾಗದ ಬಂದಾಗ ಒಡೆದು ನೋಡಿದವಳು ಅವಳು. "ಕಣ್ಣು ಸರಿಯಿಲ್ಲವಂತೆ" ಅಂದಳು. ನಾನು ಕೈಯಲ್ಲೂ ಮುಟ್ಟದೆ ಬೀದಿಗೆ ಇಳಿದುಹೋಗಿದ್ದೆ. ಈಗ ಓದಿದೆ. 'ಬಣ್ಣ ಗುರುತಿಸುವಲ್ಲಿ ದೋಷ' ಎಂದು ಸ್ಪಷ್ಟವಾಗಿ ಟೈಪಾಗಿದೆ.

ಅವಳು ಹೇಳಬಹುದಿತ್ತು. ಹೇಳಿದ್ದರೆ, ನಿನಗೆ ಮೋಸವಾಗಲಿಲ್ಲ, ನೀನೇ ಆ ಕೆಲಸಕ್ಕೆ ಆಗಿಬರುತ್ತಿರಲಿಲ್ಲ ಅಂತ ಹೇಳಿದ ಹಾಗೆ ಆಗುತ್ತಿತ್ತು. ಇಪ್ಪತ್ತನ್ನು ಆಗಷ್ಟೇ ದಾಟಿದ್ದ ಹೆಂಡತಿಗೆ ಆ ಮಾತು ಬಾಯಿಗೆ ಬರಲಿಲ್ಲ. ಬದಲಿಗೆ ಒಂದು ಡಬ್ಬಿ ಬಣ್ಣ ತಂದು, ಮುಚ್ಚಳದ ಮೇಲೆ ಹೆಸರು ಬರೆದು, ನನ್ನ ಮುಂದಿಟ್ಟಳು. ಸಿಟ್ಟು ಅಲ್ಲಿಗೆ ಇಳಿಯಿತು.

ಅರ್ಜಿಗೆ ಸಹಿ ಹಾಕಿಲ್ಲ. ಎಷ್ಟು ದಿನದಿಂದ ಉಸಿರು ಬಿಗಿಹಿಡಿದಿದ್ದೆನೋ, ಕಣೇ, ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲೇ ಮೂರು ಗಂಟೆ ನಿದ್ದೆ ಮಾಡಿದೆ.

ಬುದ್ಧಿ ನೆಟ್ಟಗಿರುವ
ಅಪ್ಪ


25 ಮಾರ್ಚ್

ಅಪ್ಪಾ,

ನಿನ್ನ ಕಾಗದವನ್ನು ಸುರಂಗದೊಳಗೆ ತಲೆಯ ಮೇಲಿನ ದೀಪದ ಬೆಳಕಿನಲ್ಲಿ ಓದಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹುಡುಗರು ಧೂಳು ಅಂದುಕೊಂಡು ಒಬ್ಬೊಬ್ಬರೂ ಒಂದೊಂದು ಕರವಸ್ತ್ರ ಕೊಟ್ಟರು. ಎಲ್ಲವೂ ಧೂಳಾಗಿದ್ದವು, ಇನ್ನಷ್ಟು ಉರಿಯಿತು.

ಈಗ ಹೇಳುತ್ತೇನೆ. ನಿನ್ನ ಐದನೇ ತಾರೀಖಿನ ಕಾಗದ ಬಂದ ದಿನವೇ ಕೆಲಸ ಬಿಡುತ್ತೇನೆ ಅಂತ ಮೇಲಿನವರಿಗೆ ಬರೆದಿಟ್ಟಿದ್ದೆ. ಕೊಟ್ಟಿರಲಿಲ್ಲ, ನಿನ್ನ ಉತ್ತರ ಬರಲಿ ಅಂತ ದಿಂಬಿನ ಕೆಳಗಿತ್ತು. ನಿನಗೋಸ್ಕರ ಅಂಥದ್ದೊಂದು ಬರೆದೆ ಅಂತ ಗೊತ್ತಾದರೆ ಬೈಯುತ್ತೀಯ, ಆದರೂ ಅಮ್ಮನ ಹಾಗೆ ಬಚ್ಚಿಡುವುದು ಬೇಡ ಅಂತ ಹೇಳಿಬಿಟ್ಟೆ. ಸುಟ್ಟುಹಾಕಿದ್ದೇನೆ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಎರಡು ಸುರಂಗವೂ ಸೇರಿದವು. ಎರಡು ಬೆರಳಿನಷ್ಟು ವ್ಯತ್ಯಾಸ. ಮುಂದಿನ ತಿಂಗಳು ಹತ್ತನೇ ತಾರೀಖಿನಿಂದ ಹದಿನೈದು ದಿನ ರಜೆ. ಬಂದು ನಿನ್ನ ಹೊಸ ಡಬ್ಬಿಗಳಿಗೆಲ್ಲ ಹೆಸರು ಬರೆದುಕೊಡಲಾ?

ನಿನ್ನ
ಸೊನ್ನೆ


೩ ಏಪ್ರಿಲ್

ಪ್ರೀತಿಯ ಸೊನ್ನೆ,

ಬೈಯಬೇಕು ಅಂತಲೇ ಪೆನ್ನು ಹಿಡಿದೆ. ಎರಡು ಬೆರಳಿನ ವ್ಯತ್ಯಾಸದ ಸುದ್ದಿ ಓದಿ ಬೈಗುಳ ಮರೆತುಹೋಯಿತು. ಇದನ್ನು ನೆನಪಿನ ಡಾಕ್ಟರಿಗೆ ಹೇಳಬೇಡ.

ಅರ್ಜಿಯನ್ನು ಖಾಲಿಯಾಗಿಯೇ ಹಿಂದಿರುಗಿಸಿದೆ. ಹಿರಿಯರ ಮನೆಯ ಮೇಲ್ವಿಚಾರಕರು ಒಳ್ಳೆಯವರು, "ನೀವು ಇಲ್ಲಿಗೆ ಬರದೆ ಇರೋದೇ ಸಂತೋಷ, ಹೋಗಿ ಬನ್ನಿ ಅನ್ನಲ್ಲ, ಹೋಗಿ ಅಂತೀನಿ" ಎಂದು ಗೇಟಿನವರೆಗೆ ಬಂದು ಬೀಳ್ಕೊಟ್ಟರು. ತೋಟದ ಕಡೆಯ ಕೋಣೆಯ ಕಿಟಕಿ ಗೇಟಿನಿಂದ ಕಾಣುತ್ತಿತ್ತು. ಅಣ್ಣ ಇದ್ದ ಕೋಣೆ ಅದರ ಪಕ್ಕದ್ದು. ಐದು ನಿಮಿಷ ನಿಂತು ಅವನನ್ನು ನೆನೆಸಿಕೊಂಡೆ. ಈ ಸಲ ಹೆದರಿಕೆಯಿಲ್ಲದೆ ನೆನೆಸಿಕೊಳ್ಳಲು ಆಯಿತು.

ಡಬ್ಬಿಗಳ ಹೆಸರು ಆಗಿದೆ, ನೀನು ಬರೆಯಬೇಕಾಗಿಲ್ಲ. ಅಂಗಡಿಯ ಹುಡುಗಿಗೆ, ನನಗೆ ಕೆಂಪು ಹಸಿರು ಒಂದೇ ತರ ಕಾಣುತ್ತಮ್ಮ, ನೀನು ಹೇಳು ಬರೆದುಕೊಳ್ತೀನಿ ಅಂದೆ. ಇಷ್ಟು ಸುಲಭದ ಮಾತು, ನೋಡು. ಹುಡುಗಿ ಒಂದೊಂದಾಗಿ ಹೇಳಿದಳು, ನಾನು ಬರೆದೆ. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ತನ್ನ ಡಬ್ಬಿಯನ್ನು ಚಾಚಿ, "ಇದೂ ಯಾವ್ದು ಅಂತ ಸ್ವಲ್ಪ ಹೇಳಮ್ಮ" ಎಂದು ಮೆಲ್ಲಗೆ ಕೇಳಿದ. ನಾನು ಒಬ್ಬನೇ ಅಲ್ಲ.

ಗುಲಾಬಿಯನ್ನು ಉಜ್ಜಿ ತೆಗೆಯುತ್ತಿದ್ದೇನೆ. ಹಾಗೆಯೇ ಇರಲಿ ಬಿಡು, ನಿನ್ನ ಕಣ್ಣಿಗೆ ಸರಿಯಾಗಿದೆಯಲ್ಲ ಎಂದು ಗಡಿಯಾರದವನು ಅಂದ. ತಪ್ಪು ಅಂತ ಗೊತ್ತಾದ ಪ್ರೂಫನ್ನು ಅಚ್ಚಿಗೆ ಬಿಟ್ಟವನಲ್ಲ ನಾನು. ಮೂರು ದಿನ ತಿಕ್ಕಿದೆ, ನಿನ್ನೆ ಒಂದು ರೆಕ್ಕೆಯಲ್ಲಿ ಅಡಿಬಣ್ಣ ಕಂಡಿತು.

ಹತ್ತನೇ ತಾರೀಖು ಬಾ. ನನ್ನನ್ನು ನೋಡಿಕೊಳ್ಳಲು ಅಂತ ಬರಬೇಡ. ಸುಮ್ಮನೆ ಬಾ, ತಿನ್ನು, ಮಲಗು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮಮ್ಮ ಹೋದಾಗ ನಾನು ಅಳಲಿಲ್ಲ. ಜನ ಗಟ್ಟಿ ಮನುಷ್ಯ ಅಂದರು, ನೀನೂ ಹಾಗೇ ಅಂದುಕೊಂಡೆ. ಆಮೇಲೆ ಕೈಯಿಟ್ಟದ್ದೆಲ್ಲ ತಪ್ಪತೊಡಗಿತು, ಆ ಹೆದರಿಕೆಯಲ್ಲಿ ಅಳುವುದಕ್ಕೂ ಬಿಡುವಾಗಲಿಲ್ಲ. ಇವತ್ತು ಬೆಳಿಗ್ಗೆ ಆ ರೆಕ್ಕೆಗೆ ಹೊಸದಾಗಿ ಮೊದಲ ಕೈ ಬಣ್ಣ ಹಚ್ಚಲು ಬ್ರಷ್ಷು ಅದ್ದಿ, "ಇದೇ ತಾನೇ?" ಎಂದು ಪಕ್ಕಕ್ಕೆ ತಿರುಗಿ ಕೇಳಿದೆ. ಯಂತ್ರದ ಮುಂದೆ ಯಾರೂ ಇರಲಿಲ್ಲ. ಈ ಮನೆಯಿಂದ ಹೋಗಿದ್ದು ನನ್ನ ಬುದ್ಧಿಯಲ್ಲ ಕಣೇ, ನಿಮ್ಮಮ್ಮ. ಬ್ರಷ್ಷು ಕೆಳಗಿಟ್ಟು ಚೆನ್ನಾಗಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು, ಮುಚ್ಚಳ ಓದಿ, ರೆಕ್ಕೆ ಮುಗಿಸಿದೆ.

ಅಪ್ಪ